ಓಟ ಶುರು ಮಾಡೋಕೆ ಯಾವುದು ಸರಿ? ಖಾಲಿ ತೋಟಾದ ಪಿಸ್ತೂಲು, ರಿವಾಲ್ವರ್, ಕ್ಲಾಪರ್, ವಿಶಲ್, ಸ್ಪೀಕರ್: ನಾವು ಮಾಡಿ ನೋಡಿದ್ದು

ಹೋದ ಜುಲೈನ ಒಂದು ಶನಿವಾರ. ಬೆಳಗಿನ ಶಾಲೆ ಬಿಟ್ಟಿತ್ತು. ಮೈದಾನದ ಬೇವಿನ ಮರದ ಕೆಳಗೆ ಬೆಂಚು ಹಾಕಿ ಅದರ ಮೇಲೆ ಐದು ಸಾಮಾನು ಜೋಡಿಸಿದ್ದೆವು. ಖಾಲಿ ತೋಟಾದ (ಅಂದರೆ ಗುಂಡಿಲ್ಲದೆ ಬರೀ ಮದ್ದು ತುಂಬಿದ ತೋಟಾದ) ಪಿಸ್ತೂಲು, ಒಂದು ಹಳೇ ಸ್ಟಾರ್ಟರ್ ರಿವಾಲ್ವರ್, ಎರಡು ಹಲಗೆ ಬಡಿದು ಸದ್ದು ಮಾಡುವ ಮರದ ಕ್ಲಾಪರ್, ವಿಶಲ್, ಆಮೇಲೆ ಶಾಲೆಯ ಬ್ಲೂಟೂತ್ ಸ್ಪೀಕರ್. ಓಟ ಶುರು ಮಾಡಲು ಇವುಗಳಲ್ಲಿ ಯಾವುದು ಸರಿ ಅಂತ ನೋಡಬೇಕಿತ್ತು.

ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಟಿ ಟೀಚರ್. ವಲಯ ಮಟ್ಟದ ಕ್ರೀಡಾಕೂಟ ಈ ಸಲ ನಮ್ಮ ಮೈದಾನದಲ್ಲೇ ಅಂತ ತೀರ್ಮಾನವಾಗಿತ್ತು. ಶಾಮಿಯಾನ, ಊಟ, ಸುಣ್ಣದ ಪುಡಿ, ಪದಕ, ಎಲ್ಲದಕ್ಕೂ ಪಟ್ಟಿ ಆಯಿತು. ಸ್ಟಾರ್ಟ್ ಹೇಗೆ ಕೊಡೋದು ಅಂತ ಯಾರೂ ಕೇಳಲಿಲ್ಲ. ನಾನೇ ಕೇಳಿದಾಗ "ವಿಶಲ್ ಇದೆಯಲ್ಲ ಮೇಡಂ" ಅಂದರು. ನನ್ನ ಮನಸ್ಸು ಒಪ್ಪಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು 400 ಮೀಟರ್ ಓಡುತ್ತಿದ್ದೆ. ಒಂದು ಕೂಟದ ಫೈನಲ್‌ನಲ್ಲಿ ಎಂಟನೇ ಲೇನ್ ಬಂತು. 400 ಮೀಟರ್ ಓಟದಲ್ಲಿ ಹೊರಗಿನ ಲೇನಿನವರು ಮುಂದೆ ನಿಲ್ಲುತ್ತಾರೆ. ಪೂರ್ತಿ ಅಳತೆಯ ಟ್ರ್ಯಾಕಿನಲ್ಲಿ ಎಂಟನೇ ಲೇನಿನ ಗೆರೆ ಒಂದನೇ ಲೇನಿಗಿಂತ ಸುಮಾರು 53 ಮೀಟರ್ ಮುಂದಿರುತ್ತದೆ. ತಿರುವನ್ನು ಬಿಟ್ಟು ನೇರವಾಗಿ ಅಳೆದರೂ 45 ಮೀಟರ್ ದಾಟುತ್ತದೆ. ಸ್ಟಾರ್ಟರ್ ಒಂದನೇ ಲೇನಿನ ಪಕ್ಕದಲ್ಲೇ ನಿಂತು ವಿಶಲ್ ಊದಿದರು. ಎದುರು ಗಾಳಿ. ಸುತ್ತ ಜನರ ಕೂಗು. ನನಗೆ ಕೇಳಿಸಲೇ ಇಲ್ಲ. ಬೆನ್ನ ಹಿಂದೆ ಹೆಜ್ಜೆ ಸದ್ದು ಬಂದಾಗ ಎದ್ದೆ. ಮೂರನೆಯವಳಾಗಿ ಮುಗಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಕಾಲನ್ನೇ ಬೈದುಕೊಂಡೆ. ತಪ್ಪು ಕಾಲಿನದಲ್ಲ ಅಂತ ಗೊತ್ತಾಗಿದ್ದು ಬಿಪಿಎಡ್ ಓದುವಾಗ.

ಲೆಕ್ಕ ಸುಲಭ. ನಮ್ಮ ಕಡೆಯ ಬಿಸಿಲಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 45 ಮೀಟರಿಗೆ 0.13 ಸೆಕೆಂಡ್. ಚೆನ್ನಾಗಿ ಓಡುವ ಹುಡುಗಿ ಅಷ್ಟರಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಓಡಿರುತ್ತಾಳೆ. ಸದ್ದು ಎಷ್ಟು ಜೋರಾಗಿದ್ದರೂ ಇಷ್ಟು ನಷ್ಟ ಇದ್ದೇ ಇದೆ. ಅದಕ್ಕೇ ಒಳ್ಳೆಯ ಸ್ಟಾರ್ಟರ್ ಒಂದನೇ ಲೇನಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ಮೈದಾನದ ಒಳಗೆ, ಎಲ್ಲರಿಗೂ ಸುಮಾರಾಗಿ ಒಂದೇ ದೂರ ಆಗುವ ಜಾಗ ಹುಡುಕಿ ನಿಲ್ಲುತ್ತಾನೆ. ಇದಕ್ಕೆ ದುಡ್ಡು ಬೇಡ, ಸಾಮಾನು ಬೇಡ. ಬೇರೆ ಏನೂ ಆಗದಿದ್ದರೆ ಇದೊಂದನ್ನಾದರೂ ಮಾಡಿ.

ನನಗೆ ಓಟ ಕಲಿಸಿದ ಮೇಷ್ಟ್ರು ಈಗ ನಿವೃತ್ತರು. ಮಂಡ್ಯ, ಮೈಸೂರಿನ ಎಷ್ಟೋ ಕೂಟಗಳಲ್ಲಿ ಸ್ಟಾರ್ಟರ್ ಆಗಿ ನಿಂತವರು. ಫೋನ್ ಮಾಡಿದೆ. "ಬತ್ತೀನಿ ಕಣವ್ವ. ಎಲ್ಲಾನೂ ತತ್ತೀನಿ. ಕಿವಿಗೆ ಹತ್ತಿ ಸಾಲಕ್ಕಿಲ್ಲ, ಮೆಡಿಕಲ್ ಸ್ಟೋರಲ್ಲಿ ಫೋಮಿನ ಪ್ಲಗ್ ಸಿಗ್ತದೆ, ತಂದಿಡು" ಅಂದರು.

ಪಿಸ್ತೂಲು ಅವರ ಸ್ವಂತದ್ದಲ್ಲ. ಅವರು ಸ್ಟಾರ್ಟರ್ ಆಗಿ ಕೆಲಸ ಮಾಡುವ ಕ್ರೀಡಾ ಸಂಸ್ಥೆಯದ್ದು. ಅದರ ಕಾಗದ ಪತ್ರಗಳು ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗೇ ಇದ್ದವು. ಹಿಂದಿನ ದಿನವೇ ಠಾಣೆಗೆ ಹೋಗಿ, ಇಂಥ ಹೊತ್ತಿಗೆ ಇಂಥ ಮೈದಾನದಲ್ಲಿ ಸದ್ದು ಬರುತ್ತದೆ ಅಂತ ಹೇಳಿ ಬಂದಿದ್ದರು. ನಾನು ಪಂಚಾಯ್ತಿಯಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಹೇಳಿದ್ದೆ. ಇದನ್ನು ಯಾರೂ ಬಿಡಬಾರದು. ಯಾಕೆ ಅಂದರೆ ಆ ಪಿಸ್ತೂಲನ್ನು ಹತ್ತು ಅಡಿ ದೂರದಿಂದ ನೋಡಿದವರಿಗೆ ಅದು ನಿಜದ್ದೇ.

ಮುಟ್ಟಿದರೂ ಹಾಗೇ. ಕಪ್ಪು ಲೋಹ, ಹಿಂದೆ ಮುಂದೆ ಜಾರುವ ಸ್ಲೈಡ್, ತೋಟಾ ತುಂಬುವ ಮ್ಯಾಗಜಿನ್, ಸೇಫ್ಟಿ, ಎಲ್ಲ ಇದೆ. ಕೈಗೆ ತಣ್ಣಗೆ, ಭಾರವಾಗಿ ಕೂರುತ್ತದೆ. ಮೈಸೂರಿನಲ್ಲಿ ಡಿಗ್ರಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಮಲಗಿಕೊಂಡು .22 ರೈಫಲ್ ಹೊಡೆದ ಅನುಭವ ಇತ್ತು. ಪಿಸ್ತೂಲು ಮುಟ್ಟಿದ್ದು ಇದೇ ಮೊದಲು. ಕೈ ಸ್ವಲ್ಪ ನಡುಗಿತು.

ಮೇಷ್ಟ್ರು ಮ್ಯಾಗಜಿನ್ ತೆಗೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಆಮೇಲೆ ನಳಿಗೆ ತೋರಿಸಿದರು. ಒಳಗೆ ಗಟ್ಟಿ ಉಕ್ಕಿನ ಅಡ್ಡ ಇದೆ. ತೋಟಾ 8 ಮಿಲಿಮೀಟರಿನದು. ಇಂಥ ಪಿಸ್ತೂಲುಗಳಿಗೆ 8 ಮತ್ತು 9 ಮಿಲಿಮೀಟರಿನ ತೋಟಾಗಳು ಸಾಮಾನ್ಯ. 9 ಮಿಲಿಮೀಟರಿನ ಡಬ್ಬಿಯ ಮೇಲೆ ಅಳತೆಯ ಜೊತೆ ಪಿ.ಎ.ಕೆ. ಅಂತ ಇರುತ್ತದೆ. ಬರೀ ಸದ್ದಿನ ಆಟೋಮ್ಯಾಟಿಕ್ ಪಿಸ್ತೂಲು ಅನ್ನುವ ಜರ್ಮನ್ ಮಾತಿನ ಮೊದಲ ಅಕ್ಷರಗಳು ಅವು. ಪಿಸ್ತೂಲುಗಳು ಟರ್ಕಿ, ಜರ್ಮನಿ, ಇಟಲಿಯಲ್ಲಿ ತಯಾರಾಗುತ್ತವೆ. ತೋಟಾ ಅಂದರೆ ಹಿತ್ತಾಳೆ ಕೊಳವೆ. ಹಿಂದೆ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಹಸಿರು ಪ್ಲಾಸ್ಟಿಕ್ ಮುಚ್ಚಳ. ಗುಂಡು ಇಲ್ಲ.

ನಳಿಗೆಯ ಆ ಅಡ್ಡ ಎರಡು ಕೆಲಸ ಮಾಡುತ್ತದೆ. ಗುಂಡು ಹಾರಿಸಲು ಬಾರದಂತೆ ತಡೆಯುತ್ತದೆ. ಬೆಂಕಿ ಹತ್ತಿದ ಮದ್ದಿನ ಗಾಳಿಗೂ ದಾರಿ ಇಕ್ಕಟ್ಟು ಮಾಡುತ್ತದೆ. ಆ ಒತ್ತಡಕ್ಕೇ ಸ್ಲೈಡ್ ಹಿಂದಕ್ಕೆ ಹೋಗಿ, ಖಾಲಿ ಕೊಳವೆಯನ್ನು ಪಕ್ಕಕ್ಕೆ ಎಸೆದು, ಮುಂದಿನ ತೋಟಾವನ್ನು ಒಳಗೆ ಎಳೆದುಕೊಳ್ಳುತ್ತದೆ.

ಪ್ಲಗ್ ಹಾಕಿಕೊಂಡೆ. ತೋಳು ನೆಟ್ಟಗೆ ಮೇಲೆತ್ತಿದೆ. ಒತ್ತಿದೆ. ರೈಫಲಿನ ಹಾಗೆ ಹಿಂದಕ್ಕೆ ತಳ್ಳುತ್ತದೆ ಅಂದುಕೊಂಡಿದ್ದೆ. ತಳ್ಳಲಿಲ್ಲ. ಗುಂಡು ಮುಂದೆ ಹೋದರೆ ತಾನೇ ಹಿಂದಕ್ಕೆ ಒದೆಯೋದು? ಸ್ಲೈಡ್ ಹೋಗಿ ಬಂದ ಒಂದು ಜಗ್ಗು ಮಾತ್ರ ಮಣಿಕಟ್ಟಿಗೆ ತಿಳಿಯಿತು. ಆದರೆ ಸದ್ದು! ಪ್ಲಗ್ ಇದ್ದರೂ ಎದೆಗೆ ಬಡಿಯಿತು. ಆಚೆ ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಬಲಗಡೆ ಹಿತ್ತಾಳೆ ಕೊಳವೆ ಹುಲ್ಲಿನ ಮೇಲೆ ಬಿತ್ತು. ದೀಪಾವಳಿ ಮುಗಿದ ಬೆಳಿಗ್ಗೆ ಬೀದಿಯಲ್ಲಿ ಇರುತ್ತದಲ್ಲ, ಆ ವಾಸನೆ ಬಂತು.

"ತೋಳು ಮಡಚಬೇಡ ಕಣವ್ವ" ಅಂದರು ಮೇಷ್ಟ್ರು. ಈ ಪಿಸ್ತೂಲಿನಲ್ಲಿ ಬಿಸಿ ಗಾಳಿ ಹೊರಗೆ ಬರುವ ತೂತು ಮೇಲ್ಗಡೆ ಇದೆ. ಮುಂದಕ್ಕೆ ಹಿಡಿದರೆ ಗಾಳಿ ಆಕಾಶಕ್ಕೆ ಹೋಗುತ್ತದೆ. ಆದರೆ ನಾವು ಪಿಸ್ತೂಲನ್ನು ಆಕಾಶಕ್ಕೆ ಹಿಡಿಯುತ್ತೇವೆ. ಆಗ ಅದರ ಮೇಲ್ಭಾಗ ನಮ್ಮ ಕಡೆಗೇ ತಿರುಗುತ್ತದೆ. ತೋಳು ಮಡಚಿ ಕಿವಿಯ ಹತ್ತಿರ ಹಿಡಿದರೆ ಬಿಸಿ ಗಾಳಿ, ಮದ್ದಿನ ಚೂರು ಮುಖಕ್ಕೇ. ನಾಟಕಕ್ಕೋ ಚಿತ್ರೀಕರಣಕ್ಕೋ ಮೇಲ್ಗಡೆ ತೂತಿನದು ಚೆನ್ನಾಗಿರಬಹುದು. ಓಟ ಶುರು ಮಾಡೋಕೆ ಮುಂದೆ ತೂತಿರುವುದೇ ವಾಸಿ.

ಗುಂಡಿಲ್ಲ ಅಂದಮಾತ್ರಕ್ಕೆ ಆಟದ ಸಾಮಾನಲ್ಲ ಅನ್ನೋದನ್ನು ಮಕ್ಕಳಿಗೂ ಹೇಳಿದೆವು. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಅನ್ನುವ ಅಮೆರಿಕದ ನಟ ಚಿತ್ರೀಕರಣದ ಜಾಗದಲ್ಲಿ ಖಾಲಿ ತೋಟಾ ತುಂಬಿದ ರಿವಾಲ್ವರನ್ನು ತಲೆಗೆ ಹಿಡಿದು ಒತ್ತಿದ. ಅದು ನಿಜವಾದ ರಿವಾಲ್ವರ್, ತೋಟಾ ಮಾತ್ರ ಖಾಲಿಯದು. ಅಷ್ಟು ಹತ್ತಿರದಲ್ಲಿ ತೋಟಾದ ಬಾಯಿಮುಚ್ಚಳ ಮತ್ತು ಗಾಳಿಯ ಪೆಟ್ಟೇ ತಲೆಬುರುಡೆ ಒಡೆಯಿತು. ಆತ ಉಳಿಯಲಿಲ್ಲ. ಇದನ್ನು ಕೇಳಿದ ಮೇಲೆ ಹತ್ತನೇ ಕ್ಲಾಸಿನ ಹುಡುಗರು ಬೆಂಚಿನಿಂದ ತಾವಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಈಗ ಪಿಸ್ತೂಲಿನ ದೊಡ್ಡ ಗುಣ. ಅದು ಸದ್ದಲ್ಲ, ಹೊಗೆ. 100 ಮೀಟರ್ ಓಟದಲ್ಲಿ ಟೈಮ್ ನೋಡುವವರು ಮುಗಿಯುವ ಗೆರೆಯ ಹತ್ತಿರ ನಿಂತಿರುತ್ತಾರೆ. ಸದ್ದು ಅವರನ್ನು ತಲುಪೋಕೆ 0.29 ಸೆಕೆಂಡ್ ಬೇಕು. ಸದ್ದು ಕೇಳಿ ವಾಚ್ ಒತ್ತಿದರೆ ಪ್ರತಿ ಮಗುವಿನ ಸಮಯವೂ ಅಷ್ಟು ಕಡಿಮೆ ಬರುತ್ತದೆ. ಅದಕ್ಕೇ ಹೊಗೆ ಅಥವಾ ಬೆಂಕಿಯ ಮಿಂಚು ನೋಡಿ ವಾಚ್ ಒತ್ತಬೇಕು ಅಂತ ನಿಯಮ ಇದೆ. ಇದನ್ನು ನಮ್ಮ ಶಾಲೆಯಲ್ಲೇ ಮಾಡಿ ನೋಡಿದೆವು. ಗಣಿತ, ವಿಜ್ಞಾನ, ಕನ್ನಡ ಮೇಷ್ಟ್ರುಗಳ ಕೈಗೆ ಒಂದೊಂದು ಸ್ಟಾಪ್ ವಾಚ್. ಇಬ್ಬರು ಹೊಗೆ ನೋಡಿ ಒತ್ತಿದರು. ಕನ್ನಡ ಮೇಷ್ಟ್ರು ಬೇಕು ಅಂತಲೇ ಬೆನ್ನು ತಿರುಗಿಸಿ ನಿಂತು ಸದ್ದು ಕೇಳಿ ಒತ್ತಿದರು. ಪ್ರತಿ ಸಲವೂ ಅವರ ವಾಚಿನಲ್ಲಿ ಸಮಯ ಹತ್ತಿರ ಹತ್ತಿರ 0.3 ಸೆಕೆಂಡ್ ಕಡಿಮೆ ಬಂತು. ಮೂವರೂ ಹೊಗೆ ನೋಡಿದಾಗ ವಾಚುಗಳ ನಡುವೆ 0.1ಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ನಮ್ಮ ಹುಡುಗನೊಬ್ಬ ಹಳ್ಳಿ ಮೈದಾನದಲ್ಲಿ 12.1 ಓಡಿದ ಅಂತ ನಾನೇ ಬರೆದುಕೊಂಡಿದ್ದೆ. ಅವನು ಊರೆಲ್ಲ ಹೇಳಿಕೊಂಡು ಮೈಸೂರಿಗೆ ಹೋಗಿ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಎಲೆಕ್ಟ್ರಾನಿಕ್ ಟೈಮಿಂಗಿನಲ್ಲಿ ಓಡಿದ. 12.6 ಬಂತು. ಮೂಲೆಯಲ್ಲಿ ಕೂತು ಅತ್ತ. ಅವನು ನಿಧಾನ ಓಡಿರಲಿಲ್ಲ. ಕೈಯಲ್ಲಿ ವಾಚ್ ಒತ್ತುವಾಗಿನ ತಡಕ್ಕೆ ಅಂತಲೇ 100 ಮೀಟರಿಗೆ 0.24 ಸೆಕೆಂಡ್ ಸೇರಿಸಿ ಹೋಲಿಸುವ ರೂಢಿ ಇದೆ. ಅದರ ಮೇಲೆ ನಾನು ಸದ್ದು ಕೇಳಿ ಒತ್ತಿದ್ದು 0.29. ಎರಡೂ ಸೇರಿ ಅರ್ಧ ಸೆಕೆಂಡ್ ಆಯಿತಲ್ಲ. ಆ ಅಳು ಬಂದಿದ್ದು ನನ್ನ ವಾಚಿನಿಂದ.

ಹೊಗೆಗೆ ಒಂದು ತೊಂದರೆ ಇದೆ. ಜುಲೈನ ಬೂದು ಮೋಡದ ಎದುರು ಬಿಳಿ ಹೊಗೆ ಕಾಣೋದೇ ಇಲ್ಲ. ಮೇಷ್ಟ್ರು ಕಪ್ಪು ಬಣ್ಣ ಬಳಿದ ದಪ್ಪ ರಟ್ಟು ತಂದಿದ್ದರು. ಒಬ್ಬ ಹುಡುಗ ಕಿವಿಗೆ ಪ್ಲಗ್ ಹಾಕಿ, ಅದನ್ನು ಉದ್ದ ಕೋಲಿಗೆ ಕಟ್ಟಿ ಪಿಸ್ತೂಲಿನ ಹಿಂದೆ ಎತ್ತಿ ಹಿಡಿದ. ಆಮೇಲೆ ಸ್ಪಷ್ಟವಾಗಿ ಕಂಡಿತು.

ಇಷ್ಟೆಲ್ಲ ಒಳ್ಳೆಯದು ಹೇಳಿದರೂ ನಾನು ಈ ಪಿಸ್ತೂಲನ್ನು ಆರಿಸಲಿಲ್ಲ. ಹತ್ತೊಂಬತ್ತನೇ ಸಲ ಹೊಡೆದಾಗ ಖಾಲಿ ಕೊಳವೆ ಹೊರಗೆ ಬೀಳದೆ ಸ್ಲೈಡಿನಲ್ಲಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಒಬ್ಬ ಹುಡುಗ ಮುಂಚೆಯೇ ಎದ್ದಿದ್ದ. ಫೌಲ್ ಸ್ಟಾರ್ಟ್ ಆದರೆ ಎರಡನೇ ಸದ್ದು ಮಾಡಿ ಎಲ್ಲರನ್ನೂ ವಾಪಸ್ ಕರೆಯಬೇಕು. ಎರಡನೇ ಸದ್ದು ಬರಲಿಲ್ಲ. ಐದು ಮಕ್ಕಳು 100 ಮೀಟರನ್ನೂ ಓಡಿಬಿಟ್ಟರು. ಕೂಟದ ದಿನ ಹೀಗಾದರೆ ಆ ಮಕ್ಕಳ ಕಾಲಿನಲ್ಲಿ ಮತ್ತೆ ಓಡೋಕೆ ಏನು ಉಳಿದಿರುತ್ತದೆ? ಮದ್ದಿನ ಮಸಿ ಕಟ್ಟಿಕೊಂಡಂತೆ ಇಂಥ ಪಿಸ್ತೂಲು ಸಿಕ್ಕಿಕೊಳ್ಳೋದು ಜಾಸ್ತಿ. ಸಂಜೆ ಬಿಚ್ಚಿ, ಒರೆಸಿ, ಎಣ್ಣೆ ಹಾಕಲೇಬೇಕು. ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಹಳೇ ಸ್ಟಾರ್ಟರ್ ರಿವಾಲ್ವರಿಗೆ ಈ ರಗಳೆ ಇಲ್ಲ. ಅದು ನೋಡೋಕೆ ಚಿಕ್ಕದು, ಮೇಲಿನ ಬಣ್ಣ ಹೋಗಿದೆ. .22 ಅಳತೆಯ ಸಣ್ಣ ತೋಟಾ. ಸುತ್ತುವ ಚಕ್ರದಲ್ಲಿ ತೋಟಾ ಕೂತಿರುತ್ತವೆ. ಒಂದು ಠುಸ್ ಅಂದರೆ ಮತ್ತೆ ಒತ್ತಿದರಾಯಿತು, ಮುಂದಿನದು ತಾನಾಗಿ ಬರುತ್ತದೆ. ಅನಿಲದ ಒತ್ತಡದಿಂದ ಏನೂ ನಡೆಯಬೇಕಾಗಿಲ್ಲ. ಕೊಳವೆ ಹಾರೋದೂ ಇಲ್ಲ. ನಲವತ್ತು ಸಲ ಹೊಡೆದೆವು. ಎರಡು ತೋಟಾ ಠುಸ್ ಆದವು. ಎರಡು ಸಲವೂ ಮುಂದಿನದು ತಕ್ಷಣ ಸಿಡಿಯಿತು. ಹೊಗೆ ಸ್ವಲ್ಪ ಕಡಿಮೆ, ಕಪ್ಪು ರಟ್ಟು ಬೇಕೇ ಬೇಕು. ಇನ್ನೊಂದು ಮಾತು. ಇದನ್ನು ನೋಡಿ ಯಾರೂ ಹೆದರುವುದಿಲ್ಲ. ನಿಜದ ಪಿಸ್ತೂಲಿನ ಹಾಗೆ ಕಾಣೋದರಿಂದ ಓಟಕ್ಕೆ ಏನು ಲಾಭ? ನಾನು ಎಷ್ಟು ಯೋಚಿಸಿದರೂ ಒಂದೂ ಸಿಗಲಿಲ್ಲ.

ಸದ್ದಿನ ವಿಷಯದಲ್ಲಿ ಎರಡೂ ಒಂದೇ. ಕೈಗೆ ಹತ್ತಿರದಲ್ಲಿ 140 ಡೆಸಿಬಲ್ ದಾಟುತ್ತದೆ. ದೊಡ್ಡವರ ಕಿವಿಗೆ ಇಂಥ ಸಿಡಿತದ ಸದ್ದು 140 ದಾಟಬಾರದು, ಮಕ್ಕಳಿಗೆ 120 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಕೂಟದಲ್ಲಿ ಹೀಟ್ಸ್, ಸೆಮಿಫೈನಲ್ ಎಲ್ಲ ಸೇರಿ ಸ್ಟಾರ್ಟರ್ ಐವತ್ತು ಅರವತ್ತು ಸಲ ಹೊಡೆಯಬೇಕಾಗುತ್ತದೆ. ಮೇಷ್ಟ್ರ ಬಲಗಿವಿ ಈಗ ಸರಿಯಾಗಿ ಕೇಳುವುದಿಲ್ಲ. ಅವರ ಕಾಲದಲ್ಲಿ ಪ್ಲಗ್ ಕೊಡುವವರು ಯಾರೂ ಇರಲಿಲ್ಲ. ಸ್ಟಾರ್ಟರ್ ಪ್ಲಗ್ ಹಾಕಲೇಬೇಕು. ಮಕ್ಕಳಿಂದ ಹತ್ತು ಮೀಟರಿಗಿಂತ ಹತ್ತಿರ ನಿಂತು ಹೊಡೆಯಬಾರದು ಅಂತ ನಾವು ನಮಗೇ ಒಂದು ನಿಯಮ ಹಾಕಿಕೊಂಡೆವು.

ಮೊದಲ ಸದ್ದಿಗೆ ನಮ್ಮ ಮಕ್ಕಳಲ್ಲಿ ಇಬ್ಬರು ಕಿವಿ ಮುಚ್ಚಿಕೊಂಡು ಕೂತುಬಿಟ್ಟರು. ಒಬ್ಬ ಓಡಿದ, ಹಿಂದಕ್ಕೆ. ಆಗ ನನಗೆ ಮೈಸೂರಿನ ದಸರಾ ತಾಲೀಮು ನೆನಪಾಯಿತು. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಅದಕ್ಕೆ ಆನೆ, ಕುದುರೆಗಳು ಬೆದರಬಾರದು ಅಂತ ಮೊದಲೇ ಕರೆದುಕೊಂಡು ಬಂದು ಫಿರಂಗಿ ಸದ್ದು ಅಭ್ಯಾಸ ಮಾಡಿಸುತ್ತಾರೆ. ಆ ಫಿರಂಗಿಗಳಲ್ಲೂ ಬರೀ ಮದ್ದೇ, ಗುಂಡಿಲ್ಲ. ಹೊಸ ಆನೆಗಳು ಮೊದಲ ಸದ್ದಿಗೆ ಹಿಂದೆ ಸರಿಯುತ್ತವೆ, ಮಾವುತರು ಮೈ ಸವರುತ್ತಾ ನಿಲ್ಲಿಸುತ್ತಾರೆ. ಆನೆಗೇ ತಾಲೀಮು ಬೇಕಾದರೆ ಹನ್ನೆರಡು ವರ್ಷದ ಮಗುವಿಗೆ ಬೇಡವೇ? ಕೂಟಕ್ಕೆ ಮುಂಚಿನ ವಾರ ಪ್ರತಿದಿನ ಎರಡೆರಡು ಸಲ, ದೂರದಿಂದ ಹತ್ತಿರಕ್ಕೆ ಬರುತ್ತಾ ಅಭ್ಯಾಸ ಮಾಡಿಸಿದೆವು. ನಾಲ್ಕನೇ ದಿನಕ್ಕೆ ಹೆದರಿಕೆ ಹೋಯಿತು.

ಇನ್ನು ಕ್ಲಾಪರ್. ಇದರ ಬಗ್ಗೆ ನನಗೆ ಇಷ್ಟು ಪ್ರೀತಿ ಹುಟ್ಟುತ್ತದೆ ಅಂದುಕೊಂಡಿರಲಿಲ್ಲ. ಎರಡು ಹಲಗೆ, ಒಂದು ಕಡೆ ಬಾಗಿಲಿನ ಕೀಲು, ಹಿಡಿಯೋಕೆ ಎರಡು ಹಿಡಿ. ಅಷ್ಟೇ. ಮೊದಲು ಪ್ಲೈವುಡ್ಡಿನಲ್ಲಿ ಮಾಡಿದೆವು. ದಪ್ಪ್ ಅಂತ ಸತ್ತ ಸದ್ದು ಬಂತು. ನಮ್ಮೂರಿನ ಆಚಾರ್ರು ಅದನ್ನು ನೋಡಿ "ಇದೇನ್ ಮೇಡಮ್ಮ, ರಟ್ಟು ಬಡ್ದಂಗೈತೆ. ಹೊನ್ನೆ ಹಲಗೆ ಐತೆ, ನಾಳೆ ಬನ್ನಿ" ಅಂದರು. ಒಂದೂವರೆ ಅಡಿ ಉದ್ದ, ನಾಲ್ಕು ಬೆರಳು ಅಗಲದ ಹಲಗೆಗಳು. ಬಡಿಯುವ ಮುಖವನ್ನು ಚೆನ್ನಾಗಿ ಹತ್ರಿ ಹೊಡೆದು ಸಮ ಮಾಡಿದ್ದರು. ಮುಖ ಸಮ ಇದ್ದರೆ ಮಾತ್ರ ಚಟ್ ಅಂತ ಚೂಪಾದ ಸದ್ದು ಬರೋದು. ಅವರು ಮಾಡಿಕೊಟ್ಟದ್ದು ಮೈದಾನದ ಆ ತುದಿಗೂ ಕೇಳಿಸಿತು.

ಹೊಗೆ ಇಲ್ಲವಲ್ಲ, ಟೈಮ್ ನೋಡುವವರು ಏನು ಮಾಡಬೇಕು? ಮೊದಲು ಹಲಗೆ ಸೇರುವುದನ್ನು ನೋಡಿ ಒತ್ತಿದರು. 100 ಮೀಟರ್ ದೂರದಿಂದ ಕಂದು ಹಲಗೆ ಸರಿಯಾಗಿ ಕಾಣಲಿಲ್ಲ. ಮೂರು ವಾಚಿನ ನಡುವೆ 0.2, ಒಮ್ಮೆ 0.3 ವ್ಯತ್ಯಾಸ ಬಂತು. ವಿಜ್ಞಾನ ಮೇಷ್ಟ್ರು ಒಳಮುಖಗಳಿಗೆ ಹಳದಿ ಪೇಂಟ್ ಬಳಿಯೋಣ ಅಂದರು. ತೆರೆದಾಗ ಹಳದಿ ಎದ್ದು ಕಾಣುತ್ತದೆ. ಮುಚ್ಚಿದ ಕ್ಷಣ ಹಳದಿ ಮಾಯ. ಆ ಮಾಯವಾದ ಕ್ಷಣಕ್ಕೆ ಒತ್ತಿದಾಗ ವ್ಯತ್ಯಾಸ 0.1ಕ್ಕೆ ಇಳಿಯಿತು. ಪಿಸ್ತೂಲಿನ ಹೊಗೆಯಷ್ಟೇ ನಿಖರ. ಮೋಡ ಇರಲಿ ಬಿಸಿಲಿರಲಿ, ಒಂದೇ ಥರ ಕಾಣುತ್ತದೆ.

ಕ್ಲಾಪರಿನ ದೋಷವನ್ನೂ ಹೇಳಬೇಕು. ಹಲಗೆ ಮುಚ್ಚುವ ಮುಂಚೆ ತೋಳು ಅಲ್ಲಾಡುತ್ತದೆ. ಚುರುಕು ಹುಡುಗರು ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಾರೆ. ಸದ್ದಿಗಿಂತ ಮುಂಚೆ ಎದ್ದು ಹೋಗುತ್ತಾರೆ. ಪಿಸ್ತೂಲಿನಲ್ಲಿ ಬೆರಳು ಒತ್ತುವುದು ಕಾಣುವುದಿಲ್ಲ. ದೊಡ್ಡ ಕೂಟಗಳಲ್ಲಿ ಸದ್ದಾದ ಮೇಲೆ 0.1 ಸೆಕೆಂಡ್ ಒಳಗೆ ಎದ್ದರೂ ಅದು ಫೌಲ್ ಅಂತ ಲೆಕ್ಕ. ಮನುಷ್ಯನ ಕಿವಿ ಕೇಳಿ ಕಾಲು ಏಳೋಕೆ ಅಷ್ಟಾದರೂ ಬೇಕು ಅಂತ. ನಮ್ಮಲ್ಲಿ ಅದನ್ನು ಅಳೆಯುವ ಯಂತ್ರ ಇಲ್ಲ. ಸ್ಟಾರ್ಟರ್ ಕಣ್ಣೇ ಯಂತ್ರ. ಇದಕ್ಕೆ ಮೇಷ್ಟ್ರು ಒಂದು ಉಪಾಯ ಕಲಿಸಿದರು. ತೋಳು ಚಾಚಿ ಬೀಸಿ ಬಡಿಯಬಾರದು. ಹಲಗೆಗಳನ್ನು ಎರಡು ಗೇಣು ಮಾತ್ರ ತೆರೆದು, ಮಣಿಕಟ್ಟಿನಿಂದ ಚಟ್ ಅಂತ ಮುಚ್ಚಬೇಕು. 'ಸೆಟ್' ಅಂದ ಮೇಲೆ ಕಾಯುವ ಹೊತ್ತನ್ನು ಪ್ರತಿ ಸಲ ಸ್ವಲ್ಪ ಬದಲಾಯಿಸುತ್ತಿರಬೇಕು. ಮೂರು ದಿನ ಅಭ್ಯಾಸ ಮಾಡಿದೆ. ಎರಡು ಸಲ ಹೆಬ್ಬೆರಳು ಸಿಕ್ಕಿಸಿಕೊಂಡು ಉಗುರು ಕಪ್ಪಾಯಿತು.

ಕೊಕ್ಕರೆ ಬೆಳ್ಳೂರಿನ ಸುತ್ತಮುತ್ತ ಇರುವ ಶಾಲೆಗಳಿಗಂತೂ ನಾನು ಕ್ಲಾಪರನ್ನೇ ಹೇಳುತ್ತೇನೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಪಿಸ್ತೂಲಿನ ಸದ್ದು ಬೇಡ.

ವಿಶಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಸದ್ದು ಒಮ್ಮೆಗೇ ಸಿಡಿಯುವುದಿಲ್ಲ, ಏರುತ್ತಾ ಹೋಗುತ್ತದೆ. ಎಲ್ಲಿ ಶುರುವಾಯಿತು ಅಂತ ಆರು ಮಕ್ಕಳು ಆರು ಥರ ತಿಳಿಯುತ್ತಾರೆ. ದೂರದಿಂದ ನೋಡಿ ವಾಚ್ ಒತ್ತೋಕೆ ಕಣ್ಣಿಗೆ ಏನೂ ಇಲ್ಲ. ನಮ್ಮ ವಾಚುಗಳ ನಡುವೆ 0.4ರವರೆಗೆ ವ್ಯತ್ಯಾಸ ಬಂತು. ಇದೆಲ್ಲಕ್ಕಿಂತ ದೊಡ್ಡದು, ವಲಯ ಕೂಟದಲ್ಲಿ ಅದೇ ಮೈದಾನದ ಒಂದು ಮೂಲೆಯಲ್ಲಿ ಖೋ ಖೋ, ಇನ್ನೊಂದು ಮೂಲೆಯಲ್ಲಿ ಕಬಡ್ಡಿ ನಡೆಯುತ್ತಿರುತ್ತದೆ. ಅಲ್ಲಿ ವಿಶಲ್ ನಿಲ್ಲೋದೇ ಇಲ್ಲ. ಖೋ ಖೋ ವಿಶಲ್‌ಗೆ ಎದ್ದು ಓಡಿದ ಮಗುವನ್ನು ಫೌಲ್ ಅಂತ ಹೊರಗೆ ಕಳಿಸೋದು ಯಾವ ನ್ಯಾಯ?

ಬ್ಲೂಟೂತ್ ಸ್ಪೀಕರ್ ಮೇಲೆ ನನಗೆ ತುಂಬಾ ಆಸೆ ಇತ್ತು. ಫೋನಿನಲ್ಲಿ ಒಂದು ಆ್ಯಪ್ ಹಾಕಿದೆವು. ಅದೇ 'ಆನ್ ಯುವರ್ ಮಾರ್ಕ್ಸ್' ಅನ್ನುತ್ತದೆ, 'ಸೆಟ್' ಅನ್ನುತ್ತದೆ, ಕಾಯುವ ಹೊತ್ತು ಬದಲಾಯಿಸಿ ಸದ್ದು ಕೊಡುತ್ತದೆ. ಮದ್ದಿಲ್ಲ, ಮಸಿ ಇಲ್ಲ, ಕಿವಿಗೆ ಪೆಟ್ಟಿಲ್ಲ. ದೊಡ್ಡ ಕೂಟಗಳೂ ಈ ಕಡೆಗೇ ಹೋಗಿವೆ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಒಮೆಗಾ ಕಂಪನಿ ಎಲೆಕ್ಟ್ರಾನಿಕ್ ಸ್ಟಾರ್ಟ್ ಪಿಸ್ತೂಲು ತಂದಿತು. ಈಗ ಪ್ರತಿ ಓಟಗಾರ ಕಾಲಿಟ್ಟು ಕೂರುವ ಬ್ಲಾಕಿನ ಹಿಂದೆ ಒಂದೊಂದು ಸ್ಪೀಕರ್ ಇರುತ್ತದೆ. ಒಂದನೇ ಲೇನು, ಎಂಟನೇ ಲೇನು ಅನ್ನುವ ಭೇದವೇ ಇಲ್ಲ. ಅದನ್ನು ಓದಿದಾಗ ನನ್ನ 400 ಮೀಟರ್ ಮತ್ತೆ ನೆನಪಾಯಿತು.

ಆದರೆ ನಮ್ಮ ಸ್ಪೀಕರಿನಲ್ಲಿ ಫೋನ್ ತೆರೆ ಬೆಳಗಿದ ಮೇಲೆ ಸದ್ದು ಬರೋದು ಕಣ್ಣಿಗೇ ತಿಳಿಯುವಷ್ಟು ತಡ. ಬ್ಲೂಟೂತಿನಲ್ಲಿ ಸದ್ದು ದಾಟೋಕೆ ಸೆಕೆಂಡಿನ ಹತ್ತರ ಒಂದೆರಡು ಭಾಗ ಹಿಡಿಯುತ್ತದೆ. ಓಡುವವರಿಗೆ ಇದರಿಂದ ಮೋಸವಿಲ್ಲ, ಎಲ್ಲರಿಗೂ ಅದೇ ತಡ. ಟೈಮ್ ನೋಡುವವರಿಗೆ ಮಾತ್ರ ನೋಡೋಕೆ ಏನೂ ಇಲ್ಲ. ಬ್ಲೂಟೂತ್ ಬಿಟ್ಟು ವೈರ್ ಹಾಕಿದಾಗ ತಡ ಹೋಯಿತು. ಆದರೆ ಆವತ್ತು ಮಧ್ಯಾಹ್ನ ಸ್ಪೀಕರ್ ಚಾರ್ಜ್ ಮುಗಿಯಿತು, ಕರೆಂಟೂ ಇರಲಿಲ್ಲ. ಹಣ ಇರುವ ಶಾಲೆ ಮುಂದೆ ಇದನ್ನೇ ಮಾಡಲಿ. ಎರಡು ಸ್ಪೀಕರ್, ಉದ್ದ ವೈರ್, ಜೊತೆಗೆ ಮಿನುಗುವ ಒಂದು ದೀಪ.

ದೀಪ ಅಂದದ್ದಕ್ಕೆ ಕಾರಣ ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅವಳಿಗೆ ಒಂದು ಕಿವಿ ಪೂರ್ತಿ ಕೇಳುವುದಿಲ್ಲ. ಇನ್ನೊಂದಕ್ಕೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕೇಳುವ ಮಿಷಿನ್ ಹಾಕಿಸಿದ್ದಾರೆ. ಓಡುವಾಗ ಮಿಷಿನ್ ಬಿದ್ದುಹೋಗುತ್ತದೆ ಅಂತ ತೆಗೆದಿಡುತ್ತಾಳೆ. ಎರಡು ವರ್ಷದಿಂದ ಅವಳು ಪಕ್ಕದ ಲೇನಿನವಳ ಕಾಲು ನೋಡಿ ಓಡುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಏಳೋದು. ಆದರೂ ನಾಲ್ಕನೆಯವಳಾಗಿ ಬರುತ್ತಿದ್ದಳು. ಹೆದರಿಕೆ ನನಗೆ ಇನ್ನೊಂದಿತ್ತು. ಉಳಿದಿರುವ ಒಂದು ಕಿವಿಗೂ ಪಿಸ್ತೂಲಿನ ಸದ್ದು ಪೆಟ್ಟು ಕೊಡಬಾರದಲ್ಲ.

ಕಿವುಡರ ಅಂತರರಾಷ್ಟ್ರೀಯ ಕೂಟ ಡೆಫ್ಲಿಂಪಿಕ್ಸಿನಲ್ಲಿ ಬಣ್ಣದ ದೀಪದಿಂದ ಓಟ ಶುರು ಮಾಡುತ್ತಾರೆ. ನಮ್ಮ ಹತ್ತಿರ ದೀಪ ಇರಲಿಲ್ಲ. ಹಳದಿ ಕ್ಲಾಪರ್ ಇತ್ತು. ನಾನು ಗೆರೆಯಿಂದ ಹತ್ತು ಹೆಜ್ಜೆ ಮುಂದೆ, ಟ್ರ್ಯಾಕಿನ ಪಕ್ಕದಲ್ಲಿ ನಿಂತೆ. ಅವಳಿಗೆ ಬಗ್ಗಿ ಕೂರುವ ಬದಲು ನಿಂತು ಸ್ಟಾರ್ಟ್ ತೆಗೆದುಕೊಳ್ಳಲು ಹೇಳಿದೆ. ಕಿವಿಗಿಂತ ಕಣ್ಣು ಸೆಕೆಂಡಿನ ನೂರರ ಕೆಲವು ಭಾಗದಷ್ಟು ನಿಧಾನ, ಆ ನಷ್ಟ ಇದ್ದೇ ಇದೆ. ಹಲಗೆ ಮುಚ್ಚಿದೆ. ಹಳದಿ ಮಾಯವಾಯಿತು. ಅವಳು ಎದ್ದಳು. ಪಕ್ಕಕ್ಕೆ ನೋಡಲಿಲ್ಲ. ಇನ್ನೊಂದು ಸಲ ಅಂದಳು. ಆವತ್ತು ಕತ್ತಲಾಗುವವರೆಗೆ ಹದಿನಾಲ್ಕು ಸಲ ಮಾಡಿದೆವು.

ಆಗಸ್ಟಿನ ಕೂಟಕ್ಕೆ ನಾವು ತೀರ್ಮಾನ ಮಾಡಿದ್ದು ಹೀಗೆ. ಪ್ರೌಢಶಾಲೆಯ ಹುಡುಗರ 100, 200ಕ್ಕೆ ಹಳೇ ರಿವಾಲ್ವರ್, ಅದೂ ಮೇಷ್ಟ್ರ ಕೈಯಲ್ಲೇ, ಕಪ್ಪು ರಟ್ಟಿನ ಜೊತೆ. ಮಿಕ್ಕ ಎಲ್ಲಕ್ಕೂ, ಪ್ರಾಥಮಿಕ ಶಾಲೆಯ ಮಕ್ಕಳಿಗೂ, ಹುಡುಗಿಯರ ಎಲ್ಲ ಓಟಕ್ಕೂ ಕ್ಲಾಪರ್. ನಿಜದ್ದರ ಥರ ಕಾಣುವ ಪಿಸ್ತೂಲು ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಹುಡುಗಿಯರ ಓಟಕ್ಕೆ ಬರೀ ಕ್ಲಾಪರ್ ಕೊಟ್ಟು ಕಡಿಮೆ ಮಾಡಿದಿರಿ ಅಂತ ಒಬ್ಬ ಟೀಚರ್ ಬೇಜಾರು ಮಾಡಿಕೊಂಡರು. ಕಾರಣ ಹೇಳಿ, ಅವರ ಕೈಗೇ ಒಂದು ವಾಚ್ ಕೊಟ್ಟೆ. ಎರಡು ಹೀಟ್ಸ್ ಆದ ಮೇಲೆ ಅವರೇ ಬೇರೆಯವರಿಗೆ ಹಳದಿ ನೋಡಿ ಒತ್ತಬೇಕು ಅಂತ ಕಲಿಸುತ್ತಿದ್ದರು.

ಬೆಳಿಗ್ಗೆ ತುಂತುರು ಮಳೆ ಇತ್ತು. ಹೊನ್ನೆ ಹಲಗೆ ನೆನೆದು ಸದ್ದು ಸ್ವಲ್ಪ ಮಂದವಾಯಿತು. ಪ್ರತಿ ಓಟದ ನಡುವೆ ಟವೆಲ್ಲಿನಲ್ಲಿ ಸುತ್ತಿ ಇಟ್ಟೆವು. ಆ ಹುಡುಗಿ 100 ಮೀಟರಿನಲ್ಲಿ ಎರಡನೆಯವಳಾಗಿ ಬಂದಳು. ಮೂರು ವಾಚಿನಲ್ಲಿ ನಡುವಿನದು 14.6. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದಳು. ಪ್ರಮಾಣಪತ್ರ ಇಸಕೊಂಡವಳು ನೇರವಾಗಿ ನನ್ನ ಹತ್ತಿರ ಬಂದು, "ಮಿಸ್, ಅಲ್ಲೂ ಹಳದಿ ಇರ್ತದಾ?" ಅಂತ ಕೇಳಿದಳು.

ಮಾರನೇ ದಿನ ಆಚಾರ್ರ ಮನೆಗೆ ಹೋದೆ. ಇನ್ನೊಂದು ಕ್ಲಾಪರ್ ಹೇಳಿ ಬಂದೆ. ಈ ಸಲ ಆರು ಬೆರಳು ಅಗಲ, ಹಿಡಿಗೆ ರಬ್ಬರ್, ಮಳೆಗೆ ಮೇಲೊಂದು ಕೋಟ್ ವಾರ್ನಿಷ್. ತಾಲ್ಲೂಕು ಕೂಟದ ಸ್ಟಾರ್ಟರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ತಂದುಕೊಡಿ ಮೇಡಂ, ಅವಳ ಹೀಟ್ಸಿಗೆ ಅದರಲ್ಲೇ ಕೊಡ್ತೀನಿ ಅಂದಿದ್ದಾರೆ. ಹಳದಿ ಪೇಂಟ್ ಎರಡನೇ ಕೋಟ್ ಇನ್ನೂ ಒಣಗಬೇಕು.